ಜಾಣನು ಗೆದ್ದ ಪಣ

ಯುಗಾದಿಯ ಬೇವುಬೆಲ್ಲ ಮುಗಿದ ಮಧ್ಯಾಹ್ನ ಇಸ್ಪೀಟಿನ ಕಟ್ಟು ಹೊರಬರುವುದು ದಾವಣಗೆರೆ ಜಿಲ್ಲೆಯ ಗ್ರಾಮಗಳಲ್ಲಿ ಹೊಸ ಸಂಗತಿಯೇನೂ ಅಲ್ಲ. ಚನ್ನಗಿರಿಯ ಅಡಕೆತೋಟದ ನೆರಳು, ಹೊನ್ನಾಳಿಯ ಹೊಳೆಯ ದಂಡೆ, ಹೊನ್ನಾಳಿಯಿಂದ ಬೇರ್ಪಟ್ಟು ಇತ್ತೀಚೆಗೆ ತಾಲ್ಲೂಕಾದ ನ್ಯಾಮತಿಯ ಕಣ, ಜಗಳೂರು ಬಯಲಿನ ಹುಣಿಸೆಯ ಬುಡ, ಎಲ್ಲಿ ನಾಲ್ವರು ಕುಳಿತುಕೊಳ್ಳಲು ಎಡೆಯುಂಟೋ ಅಲ್ಲಿ ಆ ದಿನ ಎಲೆ ಬೀಳುತ್ತದೆ. ಹಬ್ಬದ ಆಟವನ್ನು ಹಿರಿಯರು ಕಂಡೂ ಕಾಣದಂತಿರುತ್ತಾರೆ. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಹೆಸರೇ ಉಂಟು. ಶಿವಪಾರ್ವತಿಯರು ಅಂದು ಪಗಡೆಯಾಡಿದರೆಂಬ ಕಥೆಯಿರುವುದರಿಂದ ಒಂದು ದಿನದ ಜೂಜಿಗೆ ದೇವರ ರಹದಾರಿಯೂ ದೊರೆತಂತಾಯಿತು. ತೊಡಕೆಲ್ಲವೂ ಮರುದಿನದ್ದು. ಹಬ್ಬವು ಮುಗಿದರೂ ಕಟ್ಟು ಪೆಟ್ಟಿಗೆಗೆ ಹೋಗುವುದಿಲ್ಲ; ಎಂಟಾಣೆ ರೂಪಾಯಿಯ ವಿನೋದವು ಸಾವಿರದ ಪಣವಾಗುತ್ತದೆ; ತೋಟದ ನೆರಳಿನಿಂದ ಆಟವು ಯಾರ ಕಣ್ಣಿಗೂ ಬೀಳದ ಕೊಟ್ಟಿಗೆಗೆ ಸರಿಯುತ್ತದೆ.

ಇಂಥ ಆಟದ ಮೇಲೆ ಪೊಲೀಸರು ಬಿದ್ದು ಪಣದ ಹಣವನ್ನೂ ಐವತ್ತೆರಡು ಎಲೆಗಳನ್ನೂ ವಶಪಡಿಸಿಕೊಂಡರೆಂಬ ನಾಲ್ಕು ಸಾಲಿನ ವರದಿಯನ್ನು ಪತ್ರಿಕೆಯ ವಾಚಕರು ಬಲ್ಲರು. ವರದಿಯು ಅಲ್ಲಿಗೆ ನಿಲ್ಲುತ್ತದೆ. ಊರಿನ ವಾದವು ಅಲ್ಲಿಂದ ಮೊದಲಾಗುತ್ತದೆ. ಆಡಿದವರ ಪರವಾಗಿ ಎರಡು ಮಾತುಗಳು ಯಾವಾಗಲೂ ಸಿದ್ಧವಾಗಿರುತ್ತವೆ. ಇದು ಅದೃಷ್ಟದ ಆಟವಲ್ಲ, ತಲೆಯುಳ್ಳವನ ಆಟ. ಜಾಣನು ಗೆದ್ದರೆ ತಪ್ಪೇನು? ಎಂಬುದು ಒಂದು. ಮುಗಿಲನ್ನು ನಂಬಿ ಬಿತ್ತುವ ರೈತನ ಬಾಳೇ ಜೂಜಾಗಿರುವಾಗ ಎಲೆಯ ಜೂಜನ್ನು ಮಾತ್ರ ಹಳಿಯುವುದೇಕೆ? ಎಂಬುದು ಇನ್ನೊಂದು. ಇವೆರಡೂ ಬರಿಯ ಕುತರ್ಕಗಳಲ್ಲ. ಜೂಜೆಂದೊಡನೆ ಮೂಗು ಮುರಿದು ಎದ್ದುಹೋಗುವ ಸಜ್ಜನರು ಇವಕ್ಕೆ ಉತ್ತರ ಕೊಡದೆ ಹೋಗಿರುವುದರಿಂದಲೇ ಇವು ಇನ್ನೂ ಬದುಕಿವೆ.

ಮೊದಲನೆಯ ಮಾತಿಗೆ ನ್ಯಾಯಾಲಯಗಳ ಬೆಂಬಲವೂ ಉಂಟು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯು ಜೂಜುಕಟ್ಟೆಗಳನ್ನು ದಂಡಿಸುತ್ತಲೇ ಕೌಶಲದ ಆಟಗಳನ್ನು ಆ ದಂಡನೆಯಿಂದ ಹೊರಗಿರಿಸಿದೆ. 1967ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಿದ್ದ ಎಲೆಗಳನ್ನು ನೆನಪಿಡುವುದೂ ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂದು ನಿರ್ಣಯಿಸುವುದೂ ಬೇಕಾಗುವುದರಿಂದ ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದಿತು. ಮೂರೆಲೆಯ ಆಟವನ್ನು ಕೇವಲ ಅದೃಷ್ಟದ ಸಾಲಿಗೆ ಸೇರಿಸಿತು. ಮೂರೆಲೆಯ ದೊಡ್ಡಣ್ಣನಂತಿರುವ ಪೋಕರಿನ ಗತಿ ಮಾತ್ರ ವಿಚಿತ್ರವಾದುದು. ಕೌಶಲದ ಆಟವಾಗಿ ವಿನೋದದ ಕ್ಲಬ್ಬುಗಳಲ್ಲಿ ಅದನ್ನು ಆಡುವುದಕ್ಕೆ ಪರವಾನಗಿ ಬೇಕಾಗಿಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2013ರ ಅಕ್ಟೋಬರಿನಲ್ಲಿ ಹೇಳಿತು. ಅದೇ ಆಟವು ಜೂಜೆಂದು ಗುಜರಾತಿನ ಉಚ್ಚ ನ್ಯಾಯಾಲಯವು 2017ರಲ್ಲಿ ಹೇಳಿತು. ಎಲೆಗಳು ಅವೇ, ನಿಯಮಗಳು ಅವೇ. ಗಡಿಯನ್ನು ದಾಟಿದೊಡನೆ ಜಾಣ್ಮೆಯು ಅದೃಷ್ಟವಾಗಿಬಿಡುವುದಾದರೆ ಈ ಭೇದವು ಎಷ್ಟು ತೆಳುವಾದುದೆಂಬುದನ್ನು ವಾಚಕರೇ ಊಹಿಸಬಹುದು. 2025ರ ಆಗಸ್ಟಿನಲ್ಲಿ ಸಂಸತ್ತು ಅಂತರ್ಜಾಲದ ಮೇಲಿನ ಹಣದ ಆಟಗಳನ್ನು, ಕೌಶಲವೋ ಅದೃಷ್ಟವೋ ಎಂದು ಕೇಳದೆ, ಒಟ್ಟಿಗೇ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಹಾನಿಯ ಬೇರು ಆ ಭೇದದಲ್ಲಿಲ್ಲವೆಂದು ಶಾಸಕರಿಗೂ ತೋರಿರಬೇಕು.

ಇರಲಿ. ಪೋಕರಿನಲ್ಲಿ ಜಾಣ್ಮೆಯಿಲ್ಲವೆಂದು ಸಾಧಿಸಹೊರಡುವುದು ವ್ಯರ್ಥಪ್ರಯಾಸ. ಅಂದರ್-ಬಾಹರಿನಲ್ಲಿ ಪಣವೊಡ್ಡಿದ ಮೇಲೆ ಆಡುವವನಿಗೆ ಮಾಡಲು ಏನೂ ಉಳಿಯದು. ಎಲೆಯು ಒಳಗೆ ಬೀಳುವುದೋ ಹೊರಗೆ ಬೀಳುವುದೋ ಎಂದು ನೋಡುತ್ತ ಕುಳಿತಿರಬೇಕು, ಅಷ್ಟೆ. ಪೋಕರಿನಲ್ಲಿಯಾದರೋ ಪ್ರತಿ ಹೆಜ್ಜೆಯಲ್ಲಿಯೂ ಒಂದು ನಿರ್ಣಯವುಂಟು. ಈಗ ಹೆಚ್ಚಾಗಿ ಆಡುವ ಬಗೆಯಲ್ಲಿ ಒಬ್ಬೊಬ್ಬನ ಕೈಯಲ್ಲಿ ಗುಟ್ಟಾದ ಎರಡೆಲೆ, ನಡುವೆ ಎಲ್ಲರಿಗೂ ಸಮಾನವಾಗಿ ತೆರೆಯುವ ಐದೆಲೆ. ನಾಲ್ಕು ತೆರೆದಿವೆ, ಒಂದು ಬಾಕಿ ಇದೆ ಎನ್ನೋಣ. ಒಬ್ಬನಿಗೆ ಕಾಣುತ್ತಿರುವ ಆರು ಎಲೆಗಳಲ್ಲಿ ನಾಲ್ಕು ಆಟೀನು. ಇನ್ನೊಂದು ಆಟೀನು ಬಂದರೆ ಅವನದೇ ಗೆಲುವು. ಕಾಣದೆ ಉಳಿದ 46 ಎಲೆಗಳಲ್ಲಿ ಆಟೀನುಗಳು ಒಂಬತ್ತು. ನಡುವೆ 300 ರೂಪಾಯಿಯಿದೆ. ಎದುರಾಳಿಯು 100 ಒಡ್ಡುತ್ತಾನೆ. ತಾನೂ 100 ಹಾಕಿದರೆ ಒಟ್ಟು 500. ಐದರಲ್ಲಿ ಒಂದು ಸಲ ಗೆದ್ದರೆ ಸರಿಸಮ. ಆದರೆ 46ರಲ್ಲಿ ಒಂಬತ್ತು ಎಂಬುದು ಐದರಲ್ಲಿ ಒಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹಾಗೆ ಹಾಕುತ್ತಲೇ ಹೋದವನಿಗೆ ಸಲಕ್ಕೆ ಸುಮಾರು ಎರಡು ರೂಪಾಯಿ ನಷ್ಟ. ಈ ಎರಡು ರೂಪಾಯಿಯನ್ನು ಕಾಣಬಲ್ಲವನು ಜಾಣ. ಆಟೀನು ಬಂದೇಬರುವುದೆಂದು ಎದೆ ತಟ್ಟಿಕೊಳ್ಳುವವನು ಇನ್ನೊಬ್ಬ. ಒಂದು ರಾತ್ರಿಯಲ್ಲಿ ಇವರಿಬ್ಬರ ಅಂತರವು ಯಾರಿಗೂ ಗೋಚರವಾಗದು, ಎಷ್ಟೋ ರಾತ್ರಿ ಎರಡನೆಯವನೇ ಗೆದ್ದು ಹೋಗುವನು. ಸಾವಿರ ಕೈಗಳಾದ ಮೇಲೆ ಅದು ಗೋಚರವಾಗದೆ ಇರದು.

ಆಟದ ಸುಳ್ಳನ್ನು ಕುರಿತೂ ಒಂದು ಮಾತು. ಕೈಯಲ್ಲಿ ಏನೂ ಇಲ್ಲದೆ ದೊಡ್ಡ ಪಣವನ್ನೊಡ್ಡಿ ಎದುರಾಳಿಯನ್ನು ಹೆದರಿಸಿ ಏಳಿಸುವುದು ಮೂರೆಲೆಯಲ್ಲಿಯೂ ಉಂಟು, ಪೋಕರಿನಲ್ಲಿಯೂ ಉಂಟು. ಇದು ಗಂಡೆದೆಯ ಗುಣವೆಂದು ಆಡುವವರು ತಿಳಿಯುತ್ತಾರೆ. ಗಣಿತಜ್ಞನಾದ ಜಾನ್ ಫಾನ್ ನಾಯ್ಮನ್, ಅರ್ಥಶಾಸ್ತ್ರಜ್ಞನಾದ ಆಸ್ಕರ್ ಮಾರ್ಗೆನ್‌ಸ್ಟರ್ನ್‌ನೊಡನೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ಲೆಕ್ಕದ ವಿಷಯವೆಂದು ತೋರಿಸಿದನು. ಒಳ್ಳೆಯ ಎಲೆ ಬಂದಾಗ ಮಾತ್ರ ಒಡ್ಡುವವನ ಮನಸ್ಸನ್ನು ಎಲ್ಲರೂ ಓದಿಬಿಡುವರಾದ್ದರಿಂದ ಅವನ ಒಳ್ಳೆಯ ಎಲೆಗೂ ಬೆಲೆ ಬಾರದು. ಆಗಾಗ್ಗೆ ಒಂದು ನಿಯತವಾದ ಪ್ರಮಾಣದಲ್ಲಿ ಹುಸಿಯಾಗಿಯೂ ಒಡ್ಡಲೇಬೇಕು. 2017ರಲ್ಲಿ ಲಿಬ್ರೇಟಸ್ ಎಂಬ ಗಣಕಯಂತ್ರದ ಕ್ರಮವು ನಾಲ್ವರು ನುರಿತ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಸೋಲಿಸಿದಾಗ ಹೀಗೆಯೇ ಹುಸಿಯಾಡಿತು. ಅದಕ್ಕೆ ಎದೆಯೂ ಇಲ್ಲ, ಮೀಸೆಯೂ ಇಲ್ಲ. ಈ ಹುಸಿಯು ಪಾಪವೇ ಎಂದರೆ, ಅಲ್ಲವೆನ್ನಬೇಕು. ಹುಸಿಯುಂಟೆಂದು ತಿಳಿದೇ ಎಲ್ಲರೂ ಕುಳಿತಿರುವ ಸ್ಥಳದಲ್ಲಿ ಹುಸಿಯು ವಂಚನೆಯಾಗದು. ಬಯಲಾಟದಲ್ಲಿ ರಾವಣನ ವೇಷ ಹಾಕಿದವನನ್ನು ಯಾರೂ ರಾಕ್ಷಸನೆನ್ನುವುದಿಲ್ಲ.

ಹಾಗಾದರೆ ಪೋಕರಿನ ಜಾಣ್ಮೆಯು ನಿಜವಾದ ಜಾಣ್ಮೆ. ತಾಳ್ಮೆ, ಗಣನೆ, ಕೋಪವನ್ನು ನುಂಗುವ ಶಕ್ತಿ, ಫಲವು ಕೆಟ್ಟಾಗಲೂ ನಿರ್ಣಯವು ಸರಿಯಾಗಿತ್ತೇ ಎಂದು ವಿಚಾರಿಸುವ ವಿವೇಕ, ಇವೆಲ್ಲವೂ ಅದಕ್ಕೆ ಬೇಕು. ಇಷ್ಟು ಒಪ್ಪಿದ ಮೇಲೆಯೇ ನಿಜವಾದ ಪ್ರಶ್ನೆಯು ಏಳುತ್ತದೆ: ಜಾಣ್ಮೆಯಿಂದ ಗೆದ್ದ ಮಾತ್ರಕ್ಕೆ ಆ ಹಣವು ಶುದ್ಧವಾಯಿತೇ?

ಅಂದರ್-ಬಾಹರಿನಲ್ಲಿ ಎದುರುಬದುರು ಪಣವಿಟ್ಟ ಇಬ್ಬರು ವಿಧಿಯ ಮುಂದೆ ಹೆಚ್ಚುಕಡಿಮೆ ಸಮಾನರು. ಗೆದ್ದವನಿಗೆ ತಾನು ಗೆಲ್ಲುವೆನೆಂದು ಮೊದಲೇ ತಿಳಿದಿರಲಿಲ್ಲ. ಮೂಢತನವಾದರೂ ಅದು ಇಬ್ಬರಿಗೂ ಸಮನಾದ ಮೂಢತನ. ಪೋಕರಿನ ಜಾಣನಿಗಾದರೋ ಎದುರು ಕುಳಿತವನು ಇಂದಲ್ಲ ನಾಳೆ ಸೋಲುವನೆಂಬುದು ತಿಳಿದಿದೆ. ತಿಳಿದೇ ಅವನಿಗಾಗಿ ಚಾಪೆ ಹಾಸುತ್ತಾನೆ. ಆಟದ ಮರ್ಮವನ್ನು ಬಲ್ಲವರು ಹೊಸಬರಿಗೆ ಹೇಳುವ ಮೊದಲನೆಯ ಪಾಠವೇ ಇದು: ಎಲೆಯನ್ನು ಆರಿಸುವುದಕ್ಕಿಂತ ಮೊದಲು ಎದುರಾಳಿಯನ್ನು ಆರಿಸು, ನಿನಗಿಂತ ದುರ್ಬಲರಿರುವ ಕಡೆಗೆ ಹೋಗಿ ಕುಳಿತುಕೋ. ಸಮಾನರಾದ ಜಾಣರು ಮಾತ್ರ ಕುಳಿತರೆ ಹಣವು ಒಬ್ಬರಿಂದೊಬ್ಬರಿಗೆ ಸುತ್ತಿ, ಆಟದ ಮನೆಯವನು ಪ್ರತಿ ಸುತ್ತಿನಲ್ಲಿಯೂ ತೆಗೆದುಕೊಳ್ಳುವ ಪಾಲಿನಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಜಾಣನ ಜೀವನವು ನಡೆಯಬೇಕಾದರೆ ಅಡಕೆ ಮಾರಿದ ಹಣವನ್ನು ಜೇಬಿನಲ್ಲಿಟ್ಟುಕೊಂಡು, ನಿನ್ನೆ ಸೋತದ್ದನ್ನು ಇಂದು ತರುವೆನೆಂದು ಬರುವ ಒಬ್ಬನಾದರೂ ಬೇಕೇ ಬೇಕು. ಕೌಶಲವೆಂಬುದು ನ್ಯಾಯಾಲಯದಲ್ಲಿ ಅವನನ್ನು ಬಿಡಿಸಬಹುದು. ಧರ್ಮದ ಮುಂದೆ ಅದೇ ಅವನ ಮೇಲಣ ಸಾಕ್ಷಿ.

ಇದಕ್ಕೆ ಆಕ್ಷೇಪವುಂಟು. ಪೈಲ್ವಾನನು ತನಗಿಂತ ದುರ್ಬಲನನ್ನು ಕೆಡವುವುದಿಲ್ಲವೇ? ವ್ಯಾಪಾರಿಯು ಬುದ್ಧಿಯಿಂದ ಲಾಭ ಮಾಡುವುದಿಲ್ಲವೇ? ಚನ್ನಗಿರಿಯ ಖೇಣಿದಾರನನ್ನೇ ನೋಡಬಹುದು. ಕೊಯ್ಲಿಗೆ ಮೊದಲೇ ತೋಟವನ್ನೊಮ್ಮೆ ಸುತ್ತಿ, ಗೊನೆಗಳನ್ನು ಕಣ್ಣಳತೆಯಿಂದಲೇ ತೂಗಿ, ಮುಂದಿನ ಧಾರಣೆಯನ್ನು ಊಹಿಸಿ, ಇಡೀ ಫಸಲಿಗೆ ಇಷ್ಟೆಂದು ಹಣ ಕಟ್ಟುತ್ತಾನೆ. ಧಾರಣೆ ಏರಿದರೆ ಅವನು ಗೆದ್ದ, ಇಳಿದರೆ ಸೋತ. ಸುತ್ತಲಿನ ವ್ಯವಹಾರಗಳಲ್ಲೆಲ್ಲ ಪೋಕರಿಗೆ ಇದಕ್ಕಿಂತ ಹತ್ತಿರದ ಬಂಧು ಸಿಗಲಾರದು. ಆದರೂ ಭೇದವುಂಟು. ಕುಸ್ತಿಯಲ್ಲಿ ಬಿದ್ದವನು ಮೈಯ ಮಣ್ಣನ್ನು ಕೊಡವಿಕೊಂಡು ಏಳುತ್ತಾನೆ. ಅವನ ತೋಟವು ಅವನಲ್ಲಿಯೇ ಇರುತ್ತದೆ. ಖೇಣಿಗೆ ಕೊಟ್ಟ ತೋಟದವನು ಧಾರಣೆಯ ಭಯವನ್ನೂ ಕೊಯ್ಲಿನ ಆಳುಗಳ ಚಿಂತೆಯನ್ನೂ ಇನ್ನೊಬ್ಬನ ತಲೆಗೆ ಹೊರಿಸಿ ಅದಕ್ಕೆ ಪ್ರತಿಯಾಗಿ ನಿಶ್ಚಿತವಾದ ಹಣವನ್ನು ಪಡೆಯುತ್ತಾನೆ. ಖೇಣಿದಾರನು ಲಾಭ ಮಾಡಿದ ವರ್ಷವೂ ತೋಟದವನ ಕೈ ಬರಿದಾಗಿರುವುದಿಲ್ಲ. ಅಲ್ಲಿ ಕೊನೆಗೆ ಅಡಕೆಯೆಂಬ ಪದಾರ್ಥವಾದರೂ ಪೇಟೆಗೆ ಹೋಗುತ್ತದೆ. ಇಸ್ಪೀಟಿನ ಚಾಪೆಯ ಮೇಲೆ ಬೆಳಗಿನ ತನಕ ದುಡಿದರೂ ಒಂದು ಕಾಳು ಹುಟ್ಟದು. ಒಬ್ಬನ ಜೇಬಿಗೆ ಬಂದದ್ದಷ್ಟೂ ಇನ್ನೊಬ್ಬನ ಜೇಬಿನಿಂದ ಹೋದದ್ದು.

ಬೇಸಾಯವೂ ಜೂಜೆಂಬ ಎರಡನೆಯ ಮಾತಿಗೂ ಅರ್ಧ ಉತ್ತರವು ಇಲ್ಲಿಯೇ ದೊರೆಯಿತು. ಜಗಳೂರಿನ ಸೀಮೆಯಲ್ಲಿ ಬೀಜಕ್ಕೂ ಗೊಬ್ಬರಕ್ಕೂ ಸಾಲ ಮಾಡಿ ಮೆಕ್ಕೆಜೋಳವನ್ನೋ ಶೇಂಗಾವನ್ನೋ ಬಿತ್ತಿ ಮುಗಿಲು ನೋಡುವವನ ಸಂಕಟವನ್ನು ಕಂಡವರು ಆ ಮಾತಿಗೆ ನಗಲಾರರು. ಆದರೆ ಅವನ ಬೆಳೆ ಒಣಗಿದಾಗ ಅದನ್ನು ಗೆದ್ದುಕೊಂಡವನು ಯಾರೂ ಇಲ್ಲ. ಮಳೆಯು ಅವನ ಮುಖವನ್ನು ಓದಿ ಹುಸಿಯಾಡುವುದಿಲ್ಲ. ದುರ್ಬಲನಾದ ರೈತನನ್ನು ಹುಡುಕಿಕೊಂಡು ಬಂದು ಅವನ ಹೊಲದೆದುರು ಕೂರುವುದಿಲ್ಲ. ಮಳೆ ಬಂದ ವರ್ಷ ಅವನ ನೆರೆಯವನಿಗೂ ಬೆಳೆ ಬಂತು. ಇದು ಇಂದಿನ ವಿಚಾರವೂ ಅಲ್ಲ: ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಗೋಳಾಟವನ್ನು ಹೇಳುವ ಸೂಕ್ತವೊಂದುಂಟು, ಹೆಂಡತಿಯೂ ಅತ್ತೆಯೂ ದೂರವಿಟ್ಟ ಆ ಬಡಪಾಯಿಗೆ ಅಲ್ಲಿ ದೊರೆಯುವ ಉಪದೇಶವೆಂದರೆ ದಾಳವನ್ನು ಬಿಟ್ಟು ಹೊಲದ ಕಡೆಗೆ ತಿರುಗಬೇಕೆಂಬುದು. ಆ ಋಷಿಗೆ ಅನಾವೃಷ್ಟಿಯ ಪರಿಚಯವಿರಲಿಲ್ಲವೆಂದು ಹೇಳುವಂತಿಲ್ಲ. ಎರಡರ ಅಪಾಯವನ್ನೂ ಬಲ್ಲವನೇ ಎರಡನ್ನೂ ಬೇರೆಬೇರೆಯಾಗಿ ಕಂಡನು.

ಒಪ್ಪಿ ಕುಳಿತವನು ಸೋತರೆ ಯಾರಿಗೇನು? ಎಂಬ ಕಡೆಯ ಮಾತೊಂದು ಉಳಿದಿದೆ. ಇದಕ್ಕೆ ಉತ್ತರವನ್ನು ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿಯು ಕೇಳಿದ ಪ್ರಶ್ನೆಯಲ್ಲಿಯೇ ಕಾಣಬೇಕು. ಶಕುನಿಯು ಎಷ್ಟು ಬಲ್ಲವನೆಂದು ಆಕೆ ಕೇಳಲಿಲ್ಲ. ದಾಳವು ಹೇಗೆ ಬಿತ್ತೆಂದೂ ಕೇಳಲಿಲ್ಲ. ತನ್ನನ್ನೇ ಸೋತವನಿಗೆ ತನ್ನನ್ನು ಪಣಕ್ಕಿಡುವ ಅಧಿಕಾರವೆಲ್ಲಿಂದ ಬಂತೆಂದು ಕೇಳಿದಳು. ಭೀಷ್ಮನಂಥವನು ಧರ್ಮವು ಸೂಕ್ಷ್ಮವೆಂದು ಹೇಳಿ ಸುಮ್ಮನಾದನು. ಹೊನ್ನಾಳಿಯಲ್ಲಿಯೋ ನ್ಯಾಮತಿಯಲ್ಲಿಯೋ ಒಬ್ಬನು ರಾತ್ರಿ ಹತ್ತು ಗಂಟೆಗೆ ಚಾಪೆಯ ಮೇಲೆ ಹಾಕಿದ ಹಣದಲ್ಲಿ ಮಗಳ ಕಾಲೇಜಿನ ಶುಲ್ಕವೆಷ್ಟು, ಸಹಕಾರ ಸಂಘದ ಕಂತೆಷ್ಟು, ನಾಟಿಯ ಆಳುಗಳ ಬಟವಾಡೆಯೆಷ್ಟು, ಹೆಂಡತಿಯ ಓಲೆಯನ್ನು ಗಿರವಿಯಿಟ್ಟು ತಂದದ್ದೆಷ್ಟು? ಒಪ್ಪಿದವನು ಒಬ್ಬ; ಪಣವಾದವರು ನಾಲ್ವರು, ಐವರು. ಅವರಾರೂ ಆ ಚಾಪೆಯ ಮೇಲೆ ಕುಳಿತಿರಲಿಲ್ಲ. ಅವನ ಒಪ್ಪಿಗೆಯಾದರೂ ಎಷ್ಟು ಹೊತ್ತಿನದು? ಹತ್ತು ಗಂಟೆಗೆ ಒಪ್ಪಿದವನು ಮೂರು ಗಂಟೆಗೆ ತನ್ನ ವಶದಲ್ಲಿರುವುದಿಲ್ಲ. ಆಟದ ಜಾಣ್ಮೆಗಳಲ್ಲೆಲ್ಲ ಹಿರಿದಾದದ್ದು ಎದ್ದುಹೋಗುವ ಜಾಣ್ಮೆ. ಸೋಲುವವನಲ್ಲಿ ಇಲ್ಲದಿರುವುದೂ ಅದೇ, ಗೆಲ್ಲುವವನ ಬಂಡವಾಳವೂ ಅದೇ.

ಇಷ್ಟು ಹೇಳಿದ ಮೇಲೂ ಜಗಲಿಯ ಮೇಲೆ ಕಡಲೆಬೀಜವನ್ನು ಪಣವಾಗಿಟ್ಟು ಇಪ್ಪತ್ತೆಂಟು ಆಡುವ ಮನೆಮಂದಿಯನ್ನು ಯಾರೂ ಬೈಯಲಾರರು. ಮುಮ್ಮಡಿ ಕೃಷ್ಣರಾಜ ಒಡೆಯರಂಥ ವಿದ್ಯಾಪ್ರಿಯರು ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನೇ ಕಲ್ಪಿಸಿದರು. ಎಲೆಯಲ್ಲಿ ದೋಷವಿಲ್ಲ, ಬುದ್ಧಿಯ ಚಮತ್ಕಾರದಲ್ಲಿಯೂ ದೋಷವಿಲ್ಲ. ಗೆಲ್ಲುವ ಶಕ್ತಿಯುಳ್ಳವನು ಯಾರೊಡನೆ ಕೂರಬಾರದೆಂಬುದೇ ಇಲ್ಲಿಯ ಕಷ್ಟವಾದ ಭಾಗ. ಆಟದ ನೀತಿಯು ಯಾರನ್ನು ಹುಡುಕಿ ಕೂರಿಸಬೇಕೆನ್ನುತ್ತದೆಯೋ ಅವನೊಡನೆಯೇ ಧರ್ಮವು ಬೇಡವೆನ್ನುತ್ತದೆ.

ಇದನ್ನು ಬಲ್ಲವನೊಬ್ಬನು ಮಹಾಭಾರತದಲ್ಲಿಯೇ ಇದ್ದಾನೆ. ವನವಾಸದಲ್ಲಿ ಬೃಹದಶ್ವ ಮುನಿಯಿಂದ ಅಕ್ಷಹೃದಯವನ್ನು ಕಲಿತ ಧರ್ಮರಾಯನು ಕಂಕಭಟ್ಟನಾಗಿ ವಿರಾಟನ ಆಸ್ಥಾನವನ್ನು ಸೇರಿ, ಅರಸನೊಡನೆ ದಾಳವಾಡುತ್ತ, ಗೆದ್ದುದನ್ನು ತಮ್ಮಂದಿರಿಗೆ ಗುಟ್ಟಾಗಿ ಹಂಚುತ್ತಿದ್ದನು. ಇದು ಸರಿಯೇ ಎಂದು ಕೇಳುವವರು ಕಡಿಮೆ. ಅರಸನ ಬೊಕ್ಕಸಕ್ಕೆ ಅದರಿಂದ ಕೊರತೆಯಾಗದೆಂದು ಕಥೆಯೂ ಅಲ್ಲಿ ನಿಲ್ಲುವುದಿಲ್ಲ. ಆದರೆ ಮಗನು ಕೌರವರನ್ನು ಗೆದ್ದನೆಂಬ ಸುದ್ದಿಯಿಂದ ಮೈಮರೆತ ವಿರಾಟನು ಆಟಕ್ಕೆ ಕರೆದಾಗ ಕಂಕನು ಹಿಂದೆಗೆದನು. ಹರ್ಷದಿಂದ ಉಬ್ಬಿರುವವನೊಡನೆ ಆಡಬಾರದೆಂದು ಕೇಳಿರುವುದಾಗಿ ಹೇಳಿ, ರಾಜ್ಯವನ್ನೂ ತಮ್ಮಂದಿರನ್ನೂ ಸೋತ ಯುಧಿಷ್ಠಿರನೆಂಬವನ ಕಥೆಯನ್ನು ನೆನಪಿಸಿದನು. ಅರಸನು ಕೇಳಲಿಲ್ಲ. ಕಂಕನೂ ಕೊನೆಗೆ ಅರಸನ ಇಷ್ಟಕ್ಕೆ ಮಣಿದು ಕುಳಿತನು. ಆಟವು ಬಹಳ ಹೊತ್ತು ನಡೆಯಲಿಲ್ಲ. ಮಾತಿಗೆ ಮಾತು ಬೆಳೆದು, ಅರಸನು ಸಿಟ್ಟಿನಿಂದ ಎಸೆದ ದಾಳವು ಕಂಕನ ಮುಖಕ್ಕೆ ತಗುಲಿ ರಕ್ತವು ಸುರಿಯಿತು.