ಹೊರಗಿನವಳ ಹಟ

ನಿಲಂಗಾ, ಉದಗೀರ್ ತಾಲೂಕುಗಳು 1956ರ ತನಕ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಇಂದಿನ ಮಹಾರಾಷ್ಟ್ರದ ಕಡೆ ಸೇರಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಎರಡೂ ಕಡೆಯವರಿಗೆ ಅರ್ಧ ಪರಕೀಯರಾಗಿ ಬದುಕುವುದು ಉಮರ್ಗಾದಿಂದ ಉದಗೀರಿನವರೆಗೆ ಎಷ್ಟೋ ಕುಟುಂಬಗಳಿಗೆ ರೂಢಿಯಾಗಿದೆ. ಮತ್ತಾಯನ ಸುವಾರ್ತೆಯ 15ನೆಯ ಅಧ್ಯಾಯದ ಕಾನಾನ್ಯ ಹೆಂಗಸು ಇಲ್ಲಿಯವರಿಗೆ ಬೇಗ ಅರ್ಥವಾಗಬೇಕು.

ತೂರ್, ಸೀದೋನ್ ಸೀಮೆಯಲ್ಲಿ ಈ ಪರಜಾತಿಯ ತಾಯಿ ದೆವ್ವ ಹಿಡಿದ ಮಗಳಿಗಾಗಿ ಯೇಸುವಿನ ಬೆನ್ನು ಹತ್ತುತ್ತಾಳೆ. ಆತ ತುಟಿ ಬಿಚ್ಚುವುದಿಲ್ಲ. ಕಳಿಸಿಬಿಡು ಎಂದು ಶಿಷ್ಯರು ಗೊಣಗುತ್ತಾರೆ. ಕೊನೆಗೆ ಮಕ್ಕಳ ರೊಟ್ಟಿ ನಾಯಿಗಳಿಗಲ್ಲ ಎಂಬ ಕಠೋರ ಮಾತು ಬರುತ್ತದೆ. ಅವಳು ಅದನ್ನು ಒಪ್ಪುತ್ತಾಳೆ, ಒಪ್ಪಿಯೇ ವಾದ ಹೂಡುತ್ತಾಳೆ: ಕೆಳಗೆ ಬಿದ್ದ ಚೂರು ನಾಯಿಗೂ ಸಿಗುತ್ತದಲ್ಲ. ಯೇಸು ಮೆಚ್ಚಿದ್ದು ಈ ನಂಬಿಕೆಯನ್ನು.

ಇದನ್ನು ಬರೀ ತಗ್ಗಿಬಗ್ಗಿ ನಡೆಯುವ ಪಾಠವಾಗಿಸುವವರ ಬಗ್ಗೆ ನನಗೆ ತಕರಾರಿದೆ. ಬೀದರ್ ಸೀಮೆಯಲ್ಲಿ ಮೆಥಡಿಸ್ಟ್ ಮಿಷನ್ನಿನ ಕಾಲದಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಯವರು. ತಲೆಮಾರುಗಳಿಂದ ಬಾಗಿಸಿಟ್ಟ ಬೆನ್ನಿಗೆ ಮತ್ತೆ ಬಾಗು ಎನ್ನುವುದು ಯಾವ ಶುಭವಾರ್ತೆ? ಆ ತಾಯಿ ಬಾಗಿದಳು, ಬಾಯಿ ಮುಚ್ಚಲಿಲ್ಲ. ತನ್ನ ಯೋಗ್ಯತೆಯನ್ನು ಮುಂದಿಡಲಿಲ್ಲ, ಹರಕೆಯ ಲೆಕ್ಕ ಹೇಳಲಿಲ್ಲ. ಕೊಡುವವನ ಮನೆಯಲ್ಲಿ ಕೊರತೆಯಿಲ್ಲ ಎಂಬುದೊಂದನ್ನೇ ಹಿಡಿದು ನಿಂತಳು.

ಅವಳ ಮಗಳೇನೋ ಗುಣವಾದಳು. ಆದರೆ ಎಲ್ಲ ತಾಯಂದಿರ ಮೊರೆಗೂ ಅಂಥ ಉತ್ತರ ಸಿಗುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಇದೇ ಸೀಮೆಯ ಕಿಲ್ಲಾರಿಯ ನೆಲ ನಡುಗಿತು. ಔಸಾ, ಉಮರ್ಗಾ ತಾಲೂಕುಗಳಲ್ಲಿ ಕಲ್ಲುಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಸತ್ತವರು ಹತ್ತಿರಹತ್ತಿರ 10,000. ಅಲ್ಲಿ ಮಕ್ಕಳಿಗಾಗಿ ಮೊರೆಯಿಟ್ಟ ತಾಯಂದಿರ ನಂಬಿಕೆ ಸಣ್ಣದಿತ್ತು ಎನ್ನಲು ಯಾರಿಗೆ ನಾಲಗೆ ಬಂದೀತು? ಅಪೊಸ್ತಲ ಪೌಲ ಕೂಡ ಶರೀರದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ಫಲದಿಂದ ನಂಬಿಕೆಯನ್ನು ಅಳೆಯಲಾಗದು. ಲೂಕನ ಸುವಾರ್ತೆಯಲ್ಲಿ ನ್ಯಾಯಾಧೀಶನನ್ನು ಬಿಡದೆ ಕಾಡಿದ ವಿಧವೆಯ ಸಾಮತಿಯೂ ದೇವರನ್ನು ಕಾಡಿ ಮಣಿಸುವ ಉಪಾಯ ಕಲಿಸುವುದಿಲ್ಲ. ದೇವರಿಗೂ ಹೆದರದ ಅನ್ಯಾಯಗಾರ ನ್ಯಾಯಾಧೀಶನೇ ನ್ಯಾಯ ಕೊಟ್ಟರೆ ದೇವರು ಕೊಡನೇ ಎನ್ನುತ್ತದೆ. ಕಿಲ್ಲಾರಿಯ ಎದುರು ಆ ಪ್ರಶ್ನೆಗೆ ಸಲೀಸಾದ ಉತ್ತರವಿಲ್ಲ. ಆದರೂ ದೇವರ ಮೇಲಿನ ದೂರನ್ನು ದೇವರಿಗೇ ಹೇಳುವವರು ಪ್ರಾರ್ಥನೆಯಿಂದ ಹೊರಗೆ ಹೋಗಿಲ್ಲ. ಯಾತನೆಯನ್ನು ಸಮರ್ಥಿಸುವ ಪ್ರವಚನಕ್ಕಿಂತ ಆ ಜಗಳವೇ ನನಗೆ ಹೆಚ್ಚು ನಂಬಿಕೆಯಂತೆ ಕಾಣುತ್ತದೆ.

ವಿನಯದ ಪಾಠ ಹೇಳಲೇಬೇಕಿದ್ದರೆ ಅದನ್ನು ಕಳಿಸಿಬಿಡು ಎಂದ ಶಿಷ್ಯರಿಗೆ, ಹೊರಗಿನವರನ್ನು ಬಾಗಿಲಲ್ಲೇ ತಡೆಯುವವರಿಗೆ ಹೇಳಬೇಕು. ಈ ಸೀಮೆಯ ವಾರಕರಿಗಳು ನಡೆದುಹೋಗುವ ಪಂಢರಪುರದಲ್ಲಿ ದಲಿತ ಸಂತ ಚೋಖಾಮೇಳನ ಸಮಾಧಿ ಇರುವುದು ವಿಠ್ಠಲನ ಗುಡಿಯ ಮಹಾದ್ವಾರದ ಹೊರಗೆ. ಬದುಕಿದ್ದಾಗಲೂ ಅವನಿಗೆ ಒಳಗೆ ಪ್ರವೇಶವಿರಲಿಲ್ಲ. ಅವನ ಭಕ್ತಿಯಲ್ಲಿ ವಿನಯಕ್ಕೂ ಕೊರತೆಯಿರಲಿಲ್ಲ, ಹಟಕ್ಕೂ ಇರಲಿಲ್ಲ. ಗುಡಿ ದಲಿತರಿಗೆ ತೆರೆದದ್ದು ಆರು ಶತಮಾನಗಳ ಮೇಲೆ, 1947ರಲ್ಲಿ. ಅದಕ್ಕಾಗಿ ಉಪವಾಸ ಕೂತವರು ಒಳಗೆ ಹೋಗಲು ಯಾವ ಅಡ್ಡಿಯೂ ಇಲ್ಲದಿದ್ದ ಮರಾಠಿ ಲೇಖಕ ಸಾನೆ ಗುರೂಜಿ.