ರಾಬರ್ಟ್ ಸ್ಮಾಲ್ಸ್ ಎಂಬ ನಾವಿಕನ ಸ್ಮರಣೆ

ಬಿಡುಗಡೆ ಹೊಂದಿದವನು ಆ ಬಿಡುಗಡೆಯನ್ನು ಯಾರಿಗೋಸ್ಕರ ವೆಚ್ಚಮಾಡಬೇಕೆಂಬದನ್ನು ನಾವು ಈ ಸಾರಿ ಅಮೇರಿಕ ದೇಶದ ಒಬ್ಬ ನಾವಿಕನ ಜೀವಿತದಲ್ಲಿ ನೋಡೋಣ.

ರಾಬರ್ಟ್ ಸ್ಮಾಲ್ಸನು 1839 ರಲ್ಲಿ ದಕ್ಷಿಣ ಕರೋಲಿನ ಸೀಮೆಯ ಬ್ಯೂಫರ್ಟ್ ಎಂಬ ಊರಿನಲ್ಲಿ, ದಣಿಯ ಮನೆಯ ಹಿತ್ತಲಲ್ಲಿ ದಾಸನಾಗಿ ಹುಟ್ಟಿದನು. ಹನ್ನೆರಡನೆಯ ವಯಸ್ಸಿನಲ್ಲಿ ಚಾರ್ಲ್‌ಸ್ಟನ್ ಪಟ್ಟಣಕ್ಕೆ ಕೂಲಿಗೆ ಕಳುಹಿಸಲ್ಪಟ್ಟನು. ದುಡಿತದ ಹಣವು ದಣಿಗೆ. ವಾರಕ್ಕೆ ಒಂದು ಡಾಲರು ಮಾತ್ರ ಆತನಿಗೆ. ಆದರೆ ದಣಿಯು ಕಸಕೊಳ್ಳಲಾರದ ಸಂಗತಿಯೊಂದಿತ್ತು. ನಮ್ಮ ಹೊಳೆಯ ದೋಣಿಗಾರನು ಮಡುವನ್ನೂ ಮರಳದಿಣ್ಣೆಯನ್ನೂ ಬಲ್ಲಂತೆ ಆತನು ಆ ರೇವಿನ ನೀರನ್ನೆಲ್ಲಾ ಬಲ್ಲವನಾದನು. ಮೋಶೆಯು ಫರೋಹನ ಅರಮನೆಯಲ್ಲಿ ಕಲಿತದ್ದು ಇಸ್ರಾಯೇಲ್ಯರಿಗೆ ಉಪಯೋಗವಾಯಿತಲ್ಲವೇ?

ದಾಸತ್ವವನ್ನು ಉಳಿಸಿಕೊಳ್ಳುವದಕ್ಕಾಗಿ ದಕ್ಷಿಣದ ಸೀಮೆಗಳವರು ದಂಗೆಯೆದ್ದು ಯುದ್ಧಮಾಡುತ್ತಿದ್ದರು. ಅವರ 'ಪ್ಲಾಂಟರ್' ಎಂಬ ಹಡಗನ್ನು ನಡಿಸುತ್ತಿದ್ದವನು ಸ್ಮಾಲ್ಸನೇ. 1862 ನೇ ಮೇ 13 ರ ನಸುಕಿನಲ್ಲಿ ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿರಲು, ಆತನು ಕಪ್ತಾನನ ಹುಲ್ಲಿನ ಟೊಪ್ಪಿಗೆಯನ್ನು ತಲೆಗಿಟ್ಟುಕೊಂಡು ಹಡಗನ್ನು ಹೊರಡಿಸಿದನು. ನಾವಾಗಿದ್ದರೆ ನೆಟ್ಟಗೆ ಸಮುದ್ರಕ್ಕೆ ಓಡುತ್ತಿದ್ದೆವೇನೋ! ಆತನಾದರೋ ಮೊದಲು ಬೇರೊಂದು ಧಕ್ಕೆಗೆ ತಿರುಗಿ, ಅಲ್ಲಿ ಅಡಗಿದ್ದ ಹೆಂಗಸರನ್ನೂ ಮಕ್ಕಳನ್ನೂ ಹತ್ತಿಸಿಕೊಂಡನು. ಕೋಟೆಗಳ ಮುಂದೆ ತಕ್ಕ ಗುರುತಿನ ಸಿಳ್ಳನ್ನು ಊದುತ್ತಾ, ಸಮ್ಟರ್ ಕೋಟೆಯ ಫಿರಂಗಿಗಳ ಕೆಳಗೆ ಅವಸರವಿಲ್ಲದೆ ಸಾಗಿದನು. ಬೆಳಗಾಗುವಾಗ ಬಿಳೀ ಬಟ್ಟೆಯನ್ನೇರಿಸಿ ಹಡಗನ್ನು ಉತ್ತರದವರ ನೌಕಾಸೈನ್ಯಕ್ಕೆ ಒಪ್ಪಿಸಿದನು. ಆಗ ಆತನಿಗೆ ಇಪ್ಪತ್ತಮೂರು ವರುಷ.

ಇಷ್ಟಕ್ಕೆ ಸಾಕೆಂದು ಕೂತುಕೊಳ್ಳಬಹುದಿತ್ತು. ಆತನು ಉತ್ತರದವರಿಗಾಗಿ ದಾರಿ ತೋರಿಸುವ ಪೈಲಟನಾಗಿ ಯುದ್ಧವು ಮುಗಿಯುವ ವರೆಗೂ ಸೇವೆಮಾಡಿದನು. 1863 ರಲ್ಲಿ ಆತನು ನಡಿಸಿದ 'ಕಿಯೊಕಕ್' ಎಂಬ ಕಬ್ಬಿಣದ ಹಡಗು ಸುಮಾರು ತೊಂಬತ್ತು ಗುಂಡುಗಳ ಪೆಟ್ಟು ತಿಂದು ಮರುದಿನ ಮುಳುಗಿಹೋಯಿತು.

ದಾಸರಿಗೆ ಅಕ್ಷರ ಕಲಿಸುವದು ಆ ಸೀಮೆಯಲ್ಲಿ ಅಪರಾಧವಾಗಿತ್ತು. ಆದಕಾರಣ ಆತನು ದೊಡ್ಡವನಾದ ಮೇಲೆ ಉಪಾಧ್ಯಾಯರನ್ನಿಟ್ಟುಕೊಂಡು ಓದಲು ಕಲಿತನು. 1868 ರಲ್ಲಿ ಸೀಮೆಯ ರಾಜ್ಯನಿಬಂಧನೆಯನ್ನು ಬರೆಯುವ ಸಭೆಯಲ್ಲಿ ಕೂತಾಗ, ಎಲ್ಲಾ ಮಕ್ಕಳಿಗೂ ಧರ್ಮಶಾಲೆಗಳು ಆಗಬೇಕೆಂದು ವಾದಿಸಿದನು. ಐದು ಸಾರಿ ದೇಶದ ಮಹಾಸಭೆಗೆ ಆರಿಸಲ್ಪಟ್ಟನು.

ತಾನು ಯಾವ ಮನೆಯ ಹಿತ್ತಲಲ್ಲಿ ಹುಟ್ಟಿದ್ದನೋ ಅದೇ ಮನೆಯು ತೆರಿಗೆಯ ಹರಾಜಿಗೆ ಬಂದಾಗ ಆತನು ಅದನ್ನು ಕೊಂಡುಕೊಂಡನು. ಮುಂದೆ ಹಳೆಯ ದಣಿಯ ಹೆಂಡತಿಯು ಮುದುಕಿಯಾಗಿ ಬುದ್ಧಿಭ್ರಮೆಯಿಂದ ಅದು ಇನ್ನೂ ತನ್ನ ಮನೆಯೆಂದೆಣಿಸಿ ಬಾಗಲಿಗೆ ಬಂದಳೆಂದೂ ಆತನು ಆಕೆಯನ್ನು ಹೊರಡಿಸದೆ ಒಳಗೆ ಇರಿಸಿಕೊಂಡನೆಂದೂ ಆತನ ವಂಶದವರು ಹೇಳುತ್ತಾ ಬಂದಿದ್ದಾರೆ. ಯೋಸೇಫನು ಅಣ್ಣಂದಿರಿಗೆ ಧಾನ್ಯವನ್ನು ಅಳೆದುಕೊಟ್ಟದ್ದನ್ನು ಇಲ್ಲಿ ನೆನಸದೆ ಇರಲಾರೆವು.

ಆದರೆ ಈ ದಯೆಯನ್ನು ಅಂಜಿಕೆಯೆಂದು ಯಾರೂ ತಿಳಿಯಬಾರದು. 1895 ರಲ್ಲಿ ಕರಿಯ ಜನರ ಮತದ ಹಕ್ಕನ್ನು ಕಿತ್ತುಕೊಳ್ಳಲಿಕ್ಕೆ ಹೊಸ ನಿಬಂಧನೆಯನ್ನು ಬರೆದಾಗ, ಮುದುಕನಾಗುತ್ತಿದ್ದ ಆತನು ಎದ್ದು ನಿಂತು ಎದುರು ಮಾತಾಡಿದನು. ಸೋಲು ಖಂಡಿತವಾಗಿತ್ತು, ಆದರೂ ಆ ಕಾಗದಕ್ಕೆ ಸಹಿಮಾಡಲಿಲ್ಲ.

1915 ರಲ್ಲಿ ಬ್ಯೂಫರ್ಟಿನಲ್ಲಿಯೇ ತೀರಿಹೋಗಿ ಟ್ಯಾಬರ್ನೇಕಲ್ ಬ್ಯಾಪ್ಟಿಸ್ಟ್ ದೇವಾಲಯದ ಅಂಗಳದಲ್ಲಿ ಹೂಣಲ್ಪಟ್ಟನು. ದಂಗೆಯವರು ಗೆದ್ದ ಕಾಳಗದ ಹೆಸರನ್ನು ಹೊತ್ತಿದ್ದ ಒಂದು ಯುದ್ಧನೌಕೆಗೆ 2023 ರಲ್ಲಿ ಆ ಹೆಸರನ್ನು ತೆಗೆದು ರಾಬರ್ಟ್ ಸ್ಮಾಲ್ಸನ ಹೆಸರನ್ನಿಟ್ಟರು.