ನಾಬೋತನ ತೋಟ ಯಾರಿಗೆ ಸಿಕ್ತು?

ಕುದುರೆಮುಖದ ಅದಿರು ಪೈಪಿನಲ್ಲಿ ಮಂಗಳೂರಿಗೆ ಹರೀತಿತ್ತು. 2005ರ ಕೊನೆಗೆ ಗಣಿ ನಿಂತಿತು. ರಾಷ್ಟ್ರೀಯ ಉದ್ಯಾನದ ಹೆಸರಲ್ಲಿ ಎತ್ತಂಗಡಿಯ ಭಯದಲ್ಲಿದ್ದ ಮಲೆಕುಡಿಯರ ನಡುವೆ ನಕ್ಸಲರು ಬಂದೂಕು ಹಿಡಿದು ನಿಂತರು. 2025ರ ಜನವರಿಯಲ್ಲಿ ಆರು ಜನ ಶರಣಾದರು.

"ಪಾಸ್ಟರ್, ಅನ್ಯಾಯಕ್ಕೆ ಬಂದೂಕು ಹಿಡಿದ್ರೆ ತಪ್ಪಾ?" ವಿಜಯನಗರದ ಯೂತ್ ಮೀಟಿಂಗಲ್ಲಿ ಒಬ್ಬ ತಮ್ಮ ಕೇಳಿದ. ಥಟ್ಟನೆ ತಪ್ಪು ಅನ್ನೋಕೆ ನಾಲಿಗೆ ಏಳಲಿಲ್ಲ. ಮನೆ ಕಳ್ಕೊಳ್ಳೋರು ನಾವಲ್ವಲ್ಲ!

ಅಹಾಬ ನಾಬೋತನ ದ್ರಾಕ್ಷಿತೋಟ ಕಿತ್ಕೊಂಡಾಗ ದೇವರು ಎಲೀಯನನ್ನು ಕಳಿಸಿದರು. ಆಮೇಲೆ ಯೇಹು ಅಹಾಬನ ಮಗನನ್ನು ಕೊಂದು ಅದೇ ಹೊಲಕ್ಕೆ ಎಸೆಸಿದ. ಸರಿಯಾಯ್ತು ಅನ್ಸುತ್ತೆ, ಅಲ್ವಾ? ಹೋಶೇಯನ ಮೊದಲ ಅಧ್ಯಾಯ ನೋಡಿ: ಇಜ್ರೇಲಿನ ಆ ರಕ್ತಕ್ಕೂ ದೇವರು ಯೇಹುವಿನ ಮನೆತನವನ್ನು ಲೆಕ್ಕ ಕೇಳ್ತಾರೆ. ಯೇಹುಗೆ ಸಿಂಹಾಸನ ಸಿಕ್ತು. ನಾಬೋತನ ಮನೆಯವರಿಗೆ ತೋಟ ವಾಪಸ್ ಬಂತು ಅಂತ ಎಲ್ಲೂ ಬರೆದಿಲ್ಲ.

ಅದನ್ನೇ ಆ ತಮ್ಮನಿಗೆ ತೋರಿಸಿದೆ. ಅವನು ಕೇಳಿದ: "ಹಾಗಾದ್ರೆ ಈಗ ಎಲೀಯ ಯಾರು, ಪಾಸ್ಟರ್?"